ರಂಗದ ಮೇಲೆ ಹಾಡುವವರು ಯಾರು?
(ಕನ್ನಡ ಸಂಗೀತ ನಾಟಕದ ಚರಿತ್ರೆಯನ್ನು ಕುರಿತು ಒಂದು ವಿಚಾರ)

1. ಪ್ರಶ್ನೆಯ ಸ್ವರೂಪ

ನಾಟಕಪ್ರಿಯರು ನಾಲ್ವರು ಒಂದೆಡೆ ಕಲೆತಾಗ ಹುಟ್ಟುವ ಚರ್ಚೆಗಳಲ್ಲಿ ಒಂದು ಬಹು ಹಳೆಯದು. ನಾಟಕಕ್ಕೆ ಹಾಡು ಬೇಕೆ, ಬೇಡವೆ ಎಂಬುದೇ ಆ ಚರ್ಚೆ. ಹಾಡಿಲ್ಲದ ನಾಟಕ ಉಪ್ಪಿಲ್ಲದ ಊಟವೆಂದು ಒಬ್ಬರು ವಾದಿಸಿದರೆ, ಸಾಯುವ ಘಳಿಗೆಯಲ್ಲಿಯೂ ರಾಗಾಲಾಪನೆ ಮಾಡುವ ನಾಯಕನನ್ನು ನಂಬುವುದು ಹೇಗೆಂದು ಇನ್ನೊಬ್ಬರು ಕೇಳುತ್ತಾರೆ. ಕನ್ನಡ ನಾಡಿನಲ್ಲಿ ಈ ವಾದ ನೂರು ವರ್ಷಗಳಿಗೂ ಮೀರಿ ನಡೆದುಬಂದಿದೆ. ಎರಡು ಪಕ್ಷದವರೂ ಇದನ್ನು ಅಭಿರುಚಿಯ ಪ್ರಶ್ನೆಯೆಂದೇ ಭಾವಿಸಿ ವಾದಿಸಿರುವುದರಿಂದ ಅದು ಇತ್ಯರ್ಥವಾಗದೆ ಉಳಿದಿದೆ.

ಚರಿತ್ರೆಯ ಅಭ್ಯಾಸಿಗಳಾದ ನಾವು ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳಿಕೊಳ್ಳಬೇಕಾಗಿದೆ. ಒಂದು ಕಾಲದ ರಂಗದಲ್ಲಿ ಹಾಡು ಇತ್ತೆಂದಾದರೆ ಅದನ್ನು ಹಾಡುತ್ತಿದ್ದವರು ಯಾರು? ಸೂತ್ರಧಾರನೋ, ಪಾತ್ರಧಾರಿಯೋ, ಮೇಳವೋ? ಆ ಹಾಡು ರಂಗದ ಮೇಲೆ ಮಾಡುತ್ತಿದ್ದ ಕೆಲಸವೇನು? ಹೀಗೆ ಕೇಳಿದಾಗ, ಹಾಡು ಕೇವಲ ಅಲಂಕಾರವಾಗಿರದೆ ರಂಗದ ಕಟ್ಟಡ, ಬೆಳಕು, ಪರದೆ, ಹಣಕಾಸು ಇವೆಲ್ಲವುಗಳೊಡನೆ ಹೆಣೆದುಕೊಂಡಿದ್ದ ಒಂದು ಅಂಗವೆಂಬುದು ಗೊತ್ತಾಗುತ್ತದೆ. ಈ ಲೇಖನದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ ಹಾಡು ಯಾರ ಬಾಯಿಂದ ಯಾರ ಬಾಯಿಗೆ ಹೋಯಿತೆಂಬುದನ್ನು ಸ್ಥೂಲವಾಗಿ ನಿರೂಪಿಸಿ, ಅದರಿಂದ ನಮ್ಮ ಅಧ್ಯಯನಕ್ಕೆ ಒದಗುವ ಫಲವೇನೆಂಬುದನ್ನು ಸೂಚಿಸಲು ಯತ್ನಿಸಿದ್ದೇವೆ.

2. ಭಾಗವತನ ಹಾಡು

ಯಕ್ಷಗಾನದಲ್ಲಿ ಹಾಡುವವನು ಭಾಗವತ. ಪಾತ್ರಧಾರಿ ಆ ಹಾಡಿಗೆ ಕುಣಿಯುತ್ತಾನೆ. ಅನಂತರ ಹಾಡಿನ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಹಾಡಿನ ಪ್ರಸಂಗ ಮೊದಲೇ ರಚಿತವಾದದ್ದು. ಮಾತು ಆ ರಾತ್ರಿಯೇ ಹುಟ್ಟುವಂಥದು. ಕಥೆಯ ಸೂತ್ರ ಭಾಗವತನ ಕೈಯಲ್ಲಿರುತ್ತದೆ. ಯಾವ ಪಾತ್ರ ಎಷ್ಟು ಹೊತ್ತು ರಂಗದಲ್ಲಿರಬೇಕು, ಯಾವ ಪದ್ಯವನ್ನು ಬಿಡಬೇಕು, ಬೆಳಗಾಗುವುದರೊಳಗೆ ಕಥೆಯನ್ನು ಹೇಗೆ ಮುಗಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ಅವನೇ. ಇಂದಿನ ಮಾತಿನಲ್ಲಿ ಹೇಳುವುದಾದರೆ ಗಾಯಕನೂ ನಿರ್ದೇಶಕನೂ ಒಬ್ಬನೇ ಆಗಿದ್ದಾನೆ.

ಈ ಪದ್ಧತಿ ಘಟ್ಟ ದಾಟಿ ಮರಾಠಿ ನಾಡಿಗೆ ಹೋದ ಸಂಗತಿ ಸುಪ್ರಸಿದ್ಧವಾಗಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವೊಂದು ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಿತನಾದ ವಿಷ್ಣುದಾಸ ಭಾವೆಗೆ ಅಂಥದೇ ಪ್ರಯೋಗವನ್ನು ಮರಾಠಿಯಲ್ಲಿ ಸಿದ್ಧಪಡಿಸಲು ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಪ್ರಯೋಗವಾಯಿತು. ಮರಾಠಿ ರಂಗಭೂಮಿಯ ಚರಿತ್ರೆ ಈ ಪ್ರಯೋಗದಿಂದಲೇ ಆರಂಭವಾಗುತ್ತದೆಂಬುದು ಸಾಮಾನ್ಯವಾದ ಅಭಿಪ್ರಾಯ. ಭಾವೆಯ ನಾಟಕಗಳಲ್ಲಿಯೂ ಹಾಡುವವನು ಸೂತ್ರಧಾರನೇ ಆಗಿದ್ದನು. ಪಾತ್ರಗಳು ಆಶುವಾಗಿ ಗದ್ಯದಲ್ಲಿ ಮಾತನಾಡುತ್ತಿದ್ದವು. ಎಂದರೆ ಭಾಷೆ ಬದಲಾಯಿತು, ಕುಣಿತದ ಪ್ರಾಮುಖ್ಯ ಕುಗ್ಗಿತು. ಆದರೆ ಹಾಡು ಮಾತ್ರ ಭಾಗವತನ ಸ್ಥಾನದಲ್ಲಿಯೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಪಾತ್ರವೇ ಹಾಡುವ ರೂಢಿ ಕನ್ನಡ ನಾಡಿಗೆ ಅಪರಿಚಿತವಾಗಿರಲಿಲ್ಲ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದಲ್ಲಿಯೂ ಸಣ್ಣಾಟಗಳಲ್ಲಿಯೂ ಪಾತ್ರಧಾರಿಗಳು ತಾವೇ ಹಾಡುತ್ತಾರೆ. ಹಿಮ್ಮೇಳದವರು ಅದನ್ನು ಎತ್ತಿಕೊಂಡು ಮುಂದುವರಿಸುತ್ತಾರೆ. ಆದ್ದರಿಂದ ಮುಂದೆ ಬರಲಿರುವ ಬದಲಾವಣೆಯನ್ನು ಶೂನ್ಯದಿಂದ ಹುಟ್ಟಿದ್ದೆಂದು ತಿಳಿಯಬಾರದು. ಬಯಲಿನಲ್ಲಿ ಇದ್ದ ಒಂದು ರೂಢಿ, ಪರದೆಯುಳ್ಳ ರಂಗಮಂದಿರದೊಳಗೆ ಹೊಸ ಪ್ರಯೋಜನವನ್ನು ಪಡೆಯಿತೆಂದು ಹೇಳುವುದೇ ಯುಕ್ತ.

3. ಪಾತ್ರದ ಬಾಯಿಗೆ ಬಂದ ಹಾಡು

ಆ ಬದಲಾವಣೆ ಸ್ಪಷ್ಟವಾಗಿ ಕಾಣಿಸಿಕೊಂಡದ್ದು 1880ರಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರರು, ಎಂದರೆ ಅಣ್ಣಾಸಾಹೇಬ ಕಿರ್ಲೋಸ್ಕರರು, ಆ ವರ್ಷದ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಪ್ರಯೋಗಿಸಿದರು. ಪಾರ್ಸಿ ಕಂಪನಿಯೊಂದರ ಸಂಗೀತಮಯವಾದ ಪ್ರಯೋಗ ಅವರಿಗೆ ಪ್ರೇರಣೆಯಾಯಿತೆಂದು ಮರಾಠಿ ರಂಗಚರಿತ್ರಕಾರರು ಹೇಳುತ್ತಾರೆ. ಕಿರ್ಲೋಸ್ಕರರ ನಾಟಕದಲ್ಲಿ ದುಷ್ಯಂತನ ಹಾಡನ್ನು ದುಷ್ಯಂತನೂ ಶಕುಂತಲೆಯ ಹಾಡನ್ನು ಶಕುಂತಲೆಯೂ ಹಾಡಿದರು. 1882ರಲ್ಲಿ ಬಂದ ‘ಸೌಭದ್ರ’ ಇದೇ ಮಾರ್ಗವನ್ನು ದೃಢಪಡಿಸಿತು. ಗುರ್ಲಹೊಸೂರಿನವರಾದ ಕಿರ್ಲೋಸ್ಕರರಿಗೆ ಕನ್ನಡ ನಾಡಿನ ಹಾಡಿನ ಧಾಟಿಗಳು ಪರಿಚಿತವಾಗಿದ್ದವೆಂಬುದನ್ನೂ, ಅವರು ಅವುಗಳನ್ನು ಉಪಯೋಗಿಸಿಕೊಂಡರೆಂಬುದನ್ನೂ ನಾವು ಮರೆಯಲಾಗದು.

ಇದೇ ಕಾಲದಲ್ಲಿ ಕನ್ನಡದಲ್ಲಿಯೂ ಎರಡು ಕಡೆಗಳಿಂದ ಪ್ರಯತ್ನಗಳು ಆರಂಭವಾಗಿದ್ದವು. ಉತ್ತರದಲ್ಲಿ ಮರಾಠಿ ನಾಟಕಗಳಿಗೆ ದೊರೆಯುತ್ತಿದ್ದ ಮನ್ನಣೆಯನ್ನು ಕಂಡು ನೊಂದ ಸಕ್ಕರಿ ಬಾಳಾಚಾರ್ಯರು (1856–1920), ಎಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗದಲ್ಲಿ ಕನ್ನಡ ನಾಟಕ ಮಂಡಲಿಯ ಸ್ಥಾಪನೆಗೆ ಕಾರಣರಾಗಿ, ‘ಉಷಾಹರಣ’ ಮೊದಲಾದ ನಾಟಕಗಳನ್ನು ರಚಿಸಿಕೊಟ್ಟರು. ದಕ್ಷಿಣದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನ ಅರಮನೆಯ ನಾಟಕ ಸಭೆ ರೂಪುಗೊಂಡಿತು. ‘ಅಭಿನವ ಕಾಳಿದಾಸ’ರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು (1843–1891) ಆ ರಂಗಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. ಅರಮನೆಯ ರಂಗದಲ್ಲಿ ಕರ್ನಾಟಕ ಸಂಗೀತದ ರಾಗಗಳೂ, ಪಾರ್ಸಿ ಕಂಪನಿಗಳಿಂದ ಬಂದ ಮಟ್ಟುಗಳೂ ಜೊತೆಜೊತೆಯಾಗಿ ಕೇಳಿಬಂದವು. ವೃತ್ತ ಕಂದಗಳನ್ನು ಸಹ ನಟರು ರಾಗವಾಗಿ ಹಾಡುತ್ತಿದ್ದರು.

ಅರಮನೆಯ ರಂಗ ಮತ್ತು ಊರೂರಿನ ಉತ್ಸಾಹ ಇವೆರಡರಿಂದ ವೃತ್ತಿ ಕಂಪನಿಗಳು ಬೆಳೆದವು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಮುಂದೆ ವೀರಣ್ಣನವರ (1891–1972) ಕೈಯಲ್ಲಿ ನಾಡಿನ ಅತಿ ದೊಡ್ಡ ಕಂಪನಿಯಾಯಿತು. ಎ. ವಿ. ವರದಾಚಾರ್ಯರು (1869–1926) ರತ್ನಾವಳಿ ಕಂಪನಿಯ ಮೂಲಕ ಗಾಯಕನಟರಾಗಿ ಅಪಾರ ಕೀರ್ತಿಯನ್ನು ಗಳಿಸಿದರು. ಉತ್ತರದಲ್ಲಿ ಕೊಣ್ಣೂರು, ಶಿರಹಟ್ಟಿ ಕಂಪನಿಗಳೂ, ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಲಿಯೂ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಲಿಯೂ ಹೆಸರು ಪಡೆದವು. ಮರಾಠಿಯ ಪ್ರಸಿದ್ಧ ‘ಲಲಿತಕಲಾದರ್ಶ’ ಮಂಡಲಿಯನ್ನು ಕೇಶವರಾವ್ ಭೋಸಲೆಯವರು 1908ರಲ್ಲಿ ಸ್ಥಾಪಿಸಿದ್ದೂ ಹುಬ್ಬಳ್ಳಿಯಲ್ಲಿಯೇ. ಆ ಪ್ರದೇಶದಲ್ಲಿ ಕನ್ನಡ ಮರಾಠಿ ರಂಗಗಳ ನಡುವೆ ಗಡಿರೇಖೆಯನ್ನೆಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಹಾಡು ಪಾತ್ರದ ಬಾಯಿಗೆ ಬಂದುದರಿಂದ ಒಂದು ದೊಡ್ಡ ಪರಿಣಾಮವುಂಟಾಯಿತು. ನಟನಾಗಬೇಕಾದವನು ಮೊದಲು ಗಾಯಕನಾಗಬೇಕಾಯಿತು. ಕಂಪನಿಗಳು ಇಂಪಾದ ಕಂಠವುಳ್ಳ ಬಾಲಕರನ್ನು ಹುಡುಕಿ ತಂದು ಸಂಗೀತ ಕಲಿಸಿದವು. ಕುಂದಗೋಳದ ರಾಮಭಾವು, ಅಬ್ದುಲ್ ಕರೀಂ ಖಾನರ ಶಿಷ್ಯರಾಗಿದ್ದು, ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ‘ಸವಾಯಿ ಗಂಧರ್ವ’ರೆನಿಸಿಕೊಂಡರು. ಮಲ್ಲಿಕಾರ್ಜುನ ಮನಸೂರರು (1910–1992) ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಮಂಡಲಿಯಲ್ಲಿ ಹಾಡುತ್ತಿದ್ದವರು. ಧಾರವಾಡ ಹುಬ್ಬಳ್ಳಿಗಳ ಸುತ್ತಿನಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ್ದಕ್ಕೆ ಅರಸರ ಆಶ್ರಯವನ್ನೂ ಗುರುಪರಂಪರೆಯನ್ನೂ ನಾವು ಕಾರಣವಾಗಿ ಹೇಳುತ್ತೇವೆ. ನಾಟಕ ಕಂಪನಿಯ ಬಿಡಾರವನ್ನೂ ಆ ಕಾರಣಗಳ ಪಟ್ಟಿಯಲ್ಲಿ ಸೇರಿಸುವುದು ನ್ಯಾಯವಾಗಿದೆ.

4. ಕಂಪನಿಯ ರಂಗವ್ಯವಸ್ಥೆಯಲ್ಲಿ ಹಾಡಿನ ಕೆಲಸ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಕಂಪನಿ ನಾಟಕದಲ್ಲಿ ಅಷ್ಟೊಂದು ಹಾಡುಗಳು ಏಕೆ ಬೇಕಾಗಿದ್ದವು? ಜನರು ಬಯಸುತ್ತಿದ್ದರು ಎಂಬುದು ಸರಿಯಾದ ಉತ್ತರವಾದರೂ ಪೂರ್ಣವಾದ ಉತ್ತರವಲ್ಲ. ನಾಲ್ಕು ಕಾರಣಗಳನ್ನು ಇಲ್ಲಿ ಗುರುತಿಸಬಹುದಾಗಿದೆ.

ಮೊದಲನೆಯದು ಧ್ವನಿ. ಕಂಪನಿಯ ರಂಗಮಂದಿರವೆಂದರೆ ಬಹುಮಟ್ಟಿಗೆ ತಗಡು ತಟ್ಟಿಗಳಿಂದ ಕಟ್ಟಿದ ತಾತ್ಕಾಲಿಕ ಚಪ್ಪರ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೆ ಆಡುಮಾತಿನ ಧ್ವನಿ ತಲಪುವುದು ಕಷ್ಟ. ತಾರಸ್ಥಾಯಿಯಲ್ಲಿ ದೀರ್ಘವಾಗಿ ಎಳೆದ ಸ್ವರ ಅಷ್ಟು ದೂರಕ್ಕೂ ಸಲ್ಲುತ್ತದೆ. ಕಾಲಿನಿಂದ ತಿದಿಯೊತ್ತುವ ‘ಲೆಗ್ ಹಾರ್ಮೋನಿಯಂ’ ಕಂಪನಿಗಳಲ್ಲಿ ಪ್ರಿಯವಾದದ್ದಕ್ಕೂ ಇದೇ ಕಾರಣವೆನ್ನಬಹುದು: ಪೇಟಿ ಮಾಸ್ತರರ ಎರಡೂ ಕೈಗಳಿಗೆ ಬಿಡುವು ದೊರೆಯುತ್ತಿತ್ತು, ನಾದವೂ ತುಂಬಿ ಬರುತ್ತಿತ್ತು. ನಟರ ಮಾತು ಸಹ ಹಾಡಿನ ಏರಿಳಿತವನ್ನು ಅನುಕರಿಸಿ ಉದ್ದವಾಗಿ ಎಳೆಯಲ್ಪಟ್ಟಿತು. ಇಂದು ನಾವು ‘ಕಂಪನಿ ಶೈಲಿ’ಯೆಂದು ನಗೆಯಾಡುವ ಆ ಧಾಟಿ, ತನ್ನ ಕಾಲದಲ್ಲಿ ಕೇಳಿಸಬೇಕೆಂಬ ಅವಶ್ಯಕತೆಯಿಂದ ಹುಟ್ಟಿದ್ದು.

ಎರಡನೆಯದು ಪರದೆ. ಕಂಪನಿಯ ರಂಗದಲ್ಲಿ ಬೀದಿ, ಅರಮನೆ, ಕಾಡು, ಉದ್ಯಾನ, ಸೆರೆಮನೆ ಮೊದಲಾದ ದೃಶ್ಯಗಳನ್ನು ಬರೆದ ಪರದೆಗಳು ಒಂದರ ಹಿಂದೊಂದು ಇಳಿಬಿದ್ದಿರುತ್ತಿದ್ದವು. ಮುಂದಿನ ಪರದೆಯೆದುರು ಕಿರಿದಾದ ಸ್ಥಳದಲ್ಲಿ ಒಂದು ದೃಶ್ಯ ನಡೆಯುತ್ತಿದ್ದರೆ, ಅದರ ಹಿಂದೆ ಆಳವಾದ ಸ್ಥಳದಲ್ಲಿ ದರ್ಬಾರನ್ನೋ ಇಂದ್ರಸಭೆಯನ್ನೋ ಸಜ್ಜುಗೊಳಿಸುವ ಕೆಲಸ ಸಾಗುತ್ತಿತ್ತು. ಹಿಂದಿನ ಕೆಲಸ ಮುಗಿಯುವವರೆಗೆ ಮುಂದಿನ ದೃಶ್ಯ ಮುಗಿಯಬಾರದು. ಬೇಗ ಮುಗಿದರೆ ತಕ್ಷಣ ಪರದೆ ಮೇಲೇಳಬೇಕು. ಇಂಥ ಹಿಗ್ಗಿಸಬಲ್ಲ ಕುಗ್ಗಿಸಬಲ್ಲ ವಸ್ತು ಯಾವುದು? ಬರೆದಿಟ್ಟ ಸಂಭಾಷಣೆಯನ್ನು ಹಾಗೆ ಮಾಡಲಾಗದು. ಹಾಡನ್ನು ಎರಡು ಆವರ್ತ ಹೆಚ್ಚಿಸಬಹುದು, ಬೇಕೆಂದಾಗ ನಿಲ್ಲಿಸಬಹುದು. ಹಾಸ್ಯಗಾರನ ಮಾತಿಗೂ ಈ ಗುಣವಿದೆ. ಮುಂಪರದೆಯ ದೃಶ್ಯಗಳಲ್ಲಿ ಹಾಡೂ ಹಾಸ್ಯವೂ ಏಕೆ ತುಂಬಿಕೊಂಡಿವೆಯೆಂಬುದು ಇದರಿಂದ ತಿಳಿಯುತ್ತದೆ. ಅಚ್ಚಾದ ನಾಟಕವನ್ನು ಓದುವ ವಿದ್ಯಾರ್ಥಿಗೆ ಇವು ಕಥೆಗೆ ಸಂಬಂಧವಿಲ್ಲದ ತುರುಕುವಿಕೆಯೆಂದು ತೋರುತ್ತವೆ. ಪರದೆಯ ಹಿಂದೆ ಹೊರೆ ಹೊರುತ್ತಿದ್ದವರನ್ನು ನೆನೆದರೆ ಅವುಗಳ ಸ್ಥಾನ ಸ್ಪಷ್ಟವಾಗುತ್ತದೆ.

ಮೂರನೆಯದು ಹಣ. ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಮಾಡುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಿರುವ ಪುರಾಣದ ಕಥೆ. ಅದೇ ಪ್ರೇಕ್ಷಕನನ್ನು ಎರಡನೆಯ, ಮೂರನೆಯ ಬಾರಿ ಕರೆತರುವ ಶಕ್ತಿ ಕಥೆಗಿರಲಿಲ್ಲ. ಮೆಚ್ಚಿನ ನಟನ ಹಾಡಿಗಿತ್ತು. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ನಟ ಮತ್ತೆ ಹಾಡುತ್ತಿದ್ದ. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸಾಯುತ್ತಿತ್ತೆಂಬ ಹಾಸ್ಯೋಕ್ತಿ ಈ ರೂಢಿಯಿಂದಲೇ ಹುಟ್ಟಿದ್ದು. ಹಾಡುಗಳ ಕಿರುಹೊತ್ತಗೆಗಳು ನಾಟಕದ ಚಪ್ಪರದಲ್ಲಿಯೇ ಮಾರಾಟವಾಗುತ್ತಿದ್ದವು. ಗ್ರಾಮಫೋನ್ ಬಂದ ಮೇಲೆ ರಂಗದ ಹಾಡುಗಳು ತಟ್ಟೆಗಳಾಗಿಯೂ ಹೊರಬಂದವು. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಸಂಸ್ಥೆಯೂ ನಾಟಕ ಮಂಡಲಿಯೊಂದನ್ನು ಕಟ್ಟಿ ನಡೆಸಿದ್ದನ್ನು ನೋಡಿದರೆ, ಸಂಗೀತಕ್ಕೂ ನಾಟಕದ ಉತ್ಪನ್ನಕ್ಕೂ ಇದ್ದ ಸಂಬಂಧ ಎಷ್ಟು ನಿಕಟವೆಂಬುದು ವಿದಿತವಾಗುತ್ತದೆ.

ನಾಲ್ಕನೆಯದು ಪಾತ್ರದ ಪ್ರತಿಷ್ಠೆ. ಸ್ತ್ರೀಪಾತ್ರವನ್ನು ಪುರುಷನೇ ವಹಿಸುತ್ತಿದ್ದ ಕಾಲದಲ್ಲಿ ರೂಪವೊಂದರಿಂದಲೇ ಭ್ರಮೆಯನ್ನುಂಟುಮಾಡುವುದು ಸಾಧ್ಯವಿರಲಿಲ್ಲ. ಕಂಠ ಆ ಕೊರತೆಯನ್ನು ತುಂಬುತ್ತಿತ್ತು. ಮುಂದೆ ಸ್ತ್ರೀಯರು ರಂಗಕ್ಕೆ ಬಂದಾಗಲೂ ಅವರನ್ನು ಪ್ರೇಕ್ಷಕರು ಮೊದಲು ಗಾಯಕಿಯರೆಂದೇ ಸ್ವೀಕರಿಸಿದರು. ಗುಬ್ಬಿ ಕಂಪನಿಯ ಬಿ. ಜಯಮ್ಮನವರಂಥ ಕಲಾವಿದೆಯರು ಸಂಗೀತ ಮತ್ತು ಅಭಿನಯ ಎರಡರಿಂದಲೂ ಮನ್ನಣೆ ಗಳಿಸಿದರು. ಆರ್. ನಾಗರತ್ನಮ್ಮನವರು (1926–2012) 1958ರಲ್ಲಿ ಸ್ತ್ರೀಯರದೇ ಆದ ನಾಟಕ ಮಂಡಲಿಯನ್ನು ಕಟ್ಟಿ ಕಂಸನಂಥ ಪುರುಷಪಾತ್ರಗಳನ್ನು ತಾವೇ ವಹಿಸಿದಾಗ, ಹಳೆಯ ರೂಢಿ ತಲೆಕೆಳಗಾಗಿ ಮತ್ತೊಮ್ಮೆ ರಂಗದ ಮೇಲೆ ನಿಂತಂತಾಯಿತು.

ಹೀಗೆ ಧ್ವನಿ, ಪರದೆ, ಹಣ, ಪಾತ್ರ ಎಂಬ ನಾಲ್ಕು ಕಂಬಗಳ ಮೇಲೆ ಹಾಡು ನಿಂತಿತ್ತು. ಇವುಗಳಲ್ಲಿ ಯಾವುದು ಅಲುಗಾಡಿದರೂ ಹಾಡಿನ ಸ್ಥಾನ ಅಲುಗಾಡಲೇಬೇಕಾಗಿತ್ತು.

5. ಹಾಡಿಲ್ಲದ ನಾಟಕ

ಕಂಪನಿಗಳ ಉಚ್ಛ್ರಾಯಕಾಲದಲ್ಲಿಯೇ ವಿರೋಧ ಪಕ್ಷವೂ ಸಿದ್ಧವಾಗುತ್ತಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿ ಸಂಘ ಸ್ಥಾಪಿತವಾಯಿತು. ವಕೀಲರು, ಅಧ್ಯಾಪಕರು, ಸರ್ಕಾರಿ ನೌಕರರು, ವಿದ್ಯಾರ್ಥಿಗಳು ಮೊದಲಾದವರು ಹವ್ಯಾಸಿ ರಂಗಕ್ಕೆ ಬಂದರು. ಟಿ. ಪಿ. ಕೈಲಾಸಂ (1884–1946) ಅವರು ‘ಟೊಳ್ಳುಗಟ್ಟಿ’ ಮೊದಲಾದ ನಾಟಕಗಳಲ್ಲಿ ಮಧ್ಯಮವರ್ಗದ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದಿಟ್ಟರು. ಅಲ್ಲಿ ದರ್ಬಾರಿಲ್ಲ, ಕಾಡಿಲ್ಲ. ಮನೆಯಲ್ಲಿ ಆಡುವ, ಇಂಗ್ಲಿಷು ಬೆರೆತ ಕನ್ನಡವೇ ಸಂಭಾಷಣೆ. ಶ್ರೀರಂಗರು (1904–1984) ಧಾರವಾಡದ ಕಡೆಯಿಂದ ಇದೇ ಮಾರ್ಗದಲ್ಲಿ ಸಾಮಾಜಿಕ ವಿಮರ್ಶೆಯ ಗದ್ಯನಾಟಕಗಳನ್ನು ಬರೆದರು.

ಹವ್ಯಾಸಿಗಳು ಹಾಡನ್ನು ಬಿಟ್ಟದ್ದು ಸಂಗೀತದ್ವೇಷದಿಂದಲ್ಲ. ಕೈಲಾಸಂ ಅವರೇ ‘ಕೋಳೀಕೆ ರಂಗ’ದಂಥ ಹಾಸ್ಯಗೀತೆಗಳನ್ನು ಕಟ್ಟಿದವರು. ಅವರ ರಂಗದಲ್ಲಿ ಹಾಡನ್ನು ಹೊತ್ತಿದ್ದ ಕಂಬಗಳು ಇರಲಿಲ್ಲವೆಂಬುದನ್ನು ಗಮನಿಸಬೇಕು. ಸಭಾಂಗಣ ಚಿಕ್ಕದು, ಮಾತು ಕೇಳಿಸುತ್ತಿತ್ತು. ನಾಟಕವೆಲ್ಲ ಬಹುಮಟ್ಟಿಗೆ ಒಂದೇ ಕೋಣೆಯಲ್ಲಿ ನಡೆಯುವುದರಿಂದ ಪರದೆ ಬದಲಿಸುವ ತೊಂದರೆಯಿಲ್ಲ. ನಟರಿಗೆ ಬೇರೆ ಜೀವನೋಪಾಯವಿದ್ದುದರಿಂದ ‘ವನ್ಸ್ ಮೋರ್’ನ ಹಂಗಿಲ್ಲ. ಅಂಥ ರಂಗದಲ್ಲಿ ಹಾಡು ನಿಜವಾಗಿಯೂ ಅನಾವಶ್ಯಕವಾಗಿತ್ತು. ಅವರ ಆಕ್ಷೇಪಣೆ ಅವರ ಸಭಾಂಗಣದ ಮಟ್ಟಿಗೆ ಸರಿಯಾದದ್ದೇ. ಆದರೆ ಅದೇ ಅಳತೆಗೋಲಿನಿಂದ ಸಾವಿರಾರು ಜನ ಕೂಡುವ ತಗಡಿನ ಚಪ್ಪರವನ್ನೂ ಅಳೆದಾಗ ತೀರ್ಪು ಏಕಪಕ್ಷೀಯವಾಯಿತು. ಕಂಪನಿ ನಾಟಕವೆಂದರೆ ಕೀಳು ಅಭಿರುಚಿಯೆಂಬ ಅಭಿಪ್ರಾಯ ವಿದ್ಯಾವಂತರಲ್ಲಿ ಬೇರುಬಿಟ್ಟದ್ದು ಹೀಗೆ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿಯೂ ಈ ಅಭಿಪ್ರಾಯದ ನೆರಳು ಸುಳಿಯುತ್ತದೆ.

ಕಂಪನಿಗಳಿಗೆ ನಿಜವಾದ ಪೆಟ್ಟು ಬಿದ್ದುದು ಮಾತನಾಡುವ ಚಲನಚಿತ್ರದಿಂದ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಮೊದಲ ಕನ್ನಡ ವಾಕ್ಚಿತ್ರ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಿಂದ ಬಂದವರು. ಕಂಪನಿಯ ಕಥೆ, ಕಂಪನಿಯ ನಟ, ಕಂಪನಿಯ ಹಾಡು ಎಲ್ಲವೂ ತೆರೆಯ ಮೇಲೆ ಕಡಮೆ ದರದ ಟಿಕೆಟ್ಟಿಗೆ ದೊರೆಯತೊಡಗಿದವು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಈ ಸ್ಪರ್ಧೆಗೆ ಉತ್ತರ ಕೊಟ್ಟರು, ಜೊತೆಗೆ ತಾವೇ ಚಲನಚಿತ್ರಗಳನ್ನು ನಿರ್ಮಿಸಿದರು. ಆದರೆ ಎಲ್ಲ ಕಂಪನಿಗಳಿಗೂ ಅಂಥ ಬಲವಿರಲಿಲ್ಲ. ಧ್ವನಿವರ್ಧಕ ರಂಗಕ್ಕೆ ಬಂದ ಮೇಲೆ ತಾರಸ್ಥಾಯಿಯ ಅವಶ್ಯಕತೆಯೂ ಕುಗ್ಗಿತು. ವಿದ್ಯುದ್ದೀಪವನ್ನು ಆರಿಸಿ ಹೊತ್ತಿಸಿ ದೃಶ್ಯ ಬದಲಿಸುವ ಕ್ರಮ ಬಂದ ಮೇಲೆ ಮುಂಪರದೆಯ ಹಾಡಿನ ಕೆಲಸವೂ ತಪ್ಪಿತು. ಹಾಡು ಉಳಿಯಿತು, ಆದರೆ ಹಳೆಯ ಕಾರಣಗಳು ಒಂದೊಂದಾಗಿ ಕಳಚಿಕೊಂಡವು. ಬಹುಶಃ ಈ ಘಟ್ಟದಲ್ಲಿ ಮಾತ್ರ ಕಂಪನಿಯ ಹಾಡನ್ನು ಅಲಂಕಾರವೆಂದು ಕರೆಯುವುದು ಸಾಧುವಾದೀತು.

6. ಮೇಳಕ್ಕೆ ಮರಳಿದ ಹಾಡು

ವಾದ ಇಲ್ಲಿಗೇ ಮುಗಿದಿದ್ದರೆ ಹಾಡಿಲ್ಲದ ಪಕ್ಷವೇ ಗೆದ್ದಿತೆಂದು ಬರೆಯಬಹುದಾಗಿತ್ತು. ಹಾಗಾಗಲಿಲ್ಲ. ಪು. ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳಲ್ಲಿ ಸಂಗೀತವನ್ನು ಕಾವ್ಯದ ಮಾರ್ಗದಿಂದ ರಂಗಕ್ಕೆ ಕರೆತರಲು ಯತ್ನಿಸಿದ್ದರು. ಆದರೆ ಪ್ರೇಕ್ಷಕ ಸಮುದಾಯ ಬೆರಗಾಗುವಂತೆ ಹಾಡು ಹಿಂದಿರುಗಿದ್ದು 1970ರ ದಶಕದಲ್ಲಿ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಭಾಗವತನೇ ಒಂದು ಪಾತ್ರವಾಗಿ ಬಂದನು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಉತ್ತರ ಕರ್ನಾಟಕದ ಬಯಲಾಟದ ಸೂತ್ರಧಾರನೂ ಮೇಳವೂ ಹಾಡಿದರು. 1972ರಲ್ಲಿ ಬೆಂಗಳೂರಿನ ಬಯಲು ರಂಗಮಂದಿರದಲ್ಲಿ ಬಿ. ವಿ. ಕಾರಂತರು (1929–2002) ‘ಜೋಕುಮಾರಸ್ವಾಮಿ’ಯನ್ನು ಪ್ರಯೋಗಿಸಿದರು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ಅವರು ಪುರಂದರದಾಸರ ಪದಗಳನ್ನು ಅಳವಡಿಸಿದ್ದು ಇನ್ನೂ ಆಶ್ಚರ್ಯಕರ. ಗದ್ಯನಾಟಕದ ಪ್ರತಿಪಾದಕರ ಕೃತಿಯೊಂದು ಹಾಡಿನಿಂದಲೇ ಜನಮನದಲ್ಲಿ ನೆಲೆಗೊಂಡಿತು.

ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ ಬೆಳೆದವರು. ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರೂ ಆದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೊದಲ ನಿರ್ದೇಶಕರೂ ಅವರೇ. ಕಂಪನಿಯ ಹಾಡಿನ ರುಚಿ ಬಲ್ಲವರಾಗಿಯೂ ಅವರು ಅದನ್ನು ಹಾಗೆಯೇ ಮರಳಿ ತರಲಿಲ್ಲ. ಕಂಪನಿಯಲ್ಲಿ ಹಾಡು ಒಬ್ಬ ನಟನ ಸ್ವತ್ತು. ನಾಟಕ ನಿಂತು ಅವನ ಹಾಡಿಗೆ ದಾರಿಬಿಡುತ್ತಿತ್ತು. ಕಾರಂತರ ರಂಗದಲ್ಲಿ ಹಾಡು ಮೇಳದ ಸ್ವತ್ತು. ಶಾಸ್ತ್ರೀಯ ಕಂಠವಿಲ್ಲದ ನಟನೂ ಆ ಮೇಳದಲ್ಲಿ ಸೇರಬಲ್ಲ. ಹಾಡುತ್ತಿರುವಾಗ ನಾಟಕ ನಿಲ್ಲದೆ ಮುಂದಕ್ಕೆ ಸಾಗುತ್ತದೆ. ಮಾತು, ಉದ್ಗಾರ, ಚಪ್ಪಾಳೆ, ದಿನಬಳಕೆಯ ವಸ್ತುಗಳ ಸದ್ದು ಇವೆಲ್ಲವೂ ಅವರಿಗೆ ರಂಗಸಂಗೀತವೇ. ಹಾಡು ಭಾಗವತನ ಬಾಯಿಂದ ಹೊರಟು, ಪಾತ್ರದ ಬಾಯಿಗೆ ಬಂದು, ಕೆಲಕಾಲ ಮೌನವಾಗಿ, ಕೊನೆಗೆ ಮೇಳದ ಬಾಯಿಗೆ ಸೇರಿತು. ನಮ್ಮ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ಸಂಕ್ಷೇಪವಾಗಿ ಇದು.

7. ಆಕರಗಳು ಮತ್ತು ನಮ್ಮ ಕರ್ತವ್ಯ

ಇಷ್ಟರಿಂದ ಅಭ್ಯಾಸಿಗಳಿಗೆ ಆಗುವ ಪ್ರಯೋಜನವೇನು? ಕಂಪನಿ ನಾಟಕದ ಅಚ್ಚಾದ ಪ್ರತಿ ಅರ್ಧ ದಾಖಲೆಯೆಂಬುದು ಮೊದಲ ಫಲ. ಪುಸ್ತಕದಲ್ಲಿ ನಾಲ್ಕು ಸಾಲಿನ ಹಾಡು, ಅದರ ಮೇಲೆ ರಾಗ ತಾಳಗಳ ಹೆಸರು ಅಥವಾ ಇಂಥ ಹಾಡಿನ ಮಟ್ಟು ಎಂಬ ಸೂಚನೆ ಇರುತ್ತದೆ. ರಂಗದ ಮೇಲೆ ಆ ನಾಲ್ಕು ಸಾಲು ಕಾಲುಗಂಟೆಯಾಗುತ್ತಿದ್ದಿರಬಹುದು. ಮಟ್ಟು ತಿಳಿಯದೆ ಆ ಪುಟವನ್ನು ಓದಿ, ಸಾಹಿತ್ಯಗುಣ ಸಾಲದೆಂದು ತೀರ್ಮಾನಿಸುವುದು ರಾಗವನ್ನು ಕೇಳದೆ ಕೃತಿಯ ಮೇಲೆ ತೀರ್ಪು ಕೊಟ್ಟಂತೆ. ತರಗತಿಯಲ್ಲಿ ಈ ನಾಟಕಗಳನ್ನು ಬೋಧಿಸುವ ಅಧ್ಯಾಪಕರು ಈ ಎಚ್ಚರವನ್ನು ವಿದ್ಯಾರ್ಥಿಗಳಲ್ಲಿ ಮೂಡಿಸಬೇಕು.

ಎರಡನೆಯ ಫಲ, ಉಳಿದ ಅರ್ಧ ದಾಖಲೆಯನ್ನು ಎಲ್ಲಿ ಹುಡುಕಬೇಕೆಂಬುದು. ಹಾಡಿನ ಕಿರುಹೊತ್ತಗೆಗಳಲ್ಲಿ ಮಟ್ಟುಗಳ ಹೆಸರು ಸಿಕ್ಕುತ್ತದೆ. ಆ ಹೆಸರುಗಳನ್ನು ಪಟ್ಟಿ ಮಾಡಿದರೆ ಯಾವ ಹಾಡು ಮರಾಠಿಯಿಂದ, ಯಾವುದು ಪಾರ್ಸಿ ರಂಗದಿಂದ, ಯಾವುದು ಕೀರ್ತನೆಯಿಂದ, ಯಾವುದು ಲಾವಣಿಯಿಂದ ಬಂದಿತೆಂಬ ಸಂಚಾರಮಾರ್ಗ ಗೋಚರಿಸುತ್ತದೆ. ಕರಪತ್ರಗಳಲ್ಲಿ ದೃಶ್ಯಗಳ ವರ್ಣನೆ, ನಟರ ಹೆಸರು, ಟಿಕೆಟ್ಟಿನ ದರ ಇವೆ. ನಾಟಕಗಳ ಮೇಲೆ ಹಿಡಿತವಿಡಲು ಬ್ರಿಟಿಷ್ ಸರ್ಕಾರ 1876ರಲ್ಲಿ ಕಾಯಿದೆ ಮಾಡಿದ್ದರಿಂದ, ಸರ್ಕಾರಿ ಕಡತಗಳಲ್ಲಿಯೂ ನಾಟಕ ಕಂಪನಿಗಳ ಸುಳಿವು ದೊರೆಯುವ ಸಂಭವವಿದೆ. ಗ್ರಾಮಫೋನ್ ತಟ್ಟೆಗಳು ನಾದವನ್ನೇ ಕಾಪಿಟ್ಟಿವೆ; ಆದರೆ ಒಂದು ತಟ್ಟೆಯ ಒಂದು ಮಗ್ಗುಲು ಮೂರು ನಾಲ್ಕು ನಿಮಿಷಗಳಷ್ಟೇ ಆದುದರಿಂದ, ರಂಗದ ಮೇಲಿನ ವಿಸ್ತಾರವನ್ನು ಅದರಿಂದ ನೇರವಾಗಿ ಊಹಿಸಲಾಗದು.

ಎಲ್ಲಕ್ಕಿಂತ ಅಮೂಲ್ಯವಾದ ಆಕರ ಹಿರಿಯ ಕಲಾವಿದರ ನೆನಪು. ಬಾಲ್ಯದಲ್ಲಿ ಸ್ತ್ರೀಪಾತ್ರಗಳಿಂದ ಆರಂಭಿಸಿ, ಸ್ವಂತ ಕಂಪನಿಯನ್ನೂ ಕಟ್ಟಿ ನಡೆಸಿ, ವೃತ್ತಿರಂಗದ ಏಳುಬೀಳುಗಳನ್ನೆಲ್ಲ ಕಂಡ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಆ ಪೀಳಿಗೆಯವರು ಇನ್ನಿಲ್ಲ. ಅವರಿಂದ ಕಲಿತವರೂ, ಪೇಟಿ ತಬಲಗಳಲ್ಲಿ ಸಾಥ್ ಕೊಟ್ಟವರೂ, ಪರದೆ ಎಳೆದವರೂ, ಬಣ್ಣ ಬರೆದವರೂ ಇನ್ನೂ ಅಲ್ಲಲ್ಲಿ ಇದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ವೃತ್ತಿ ಕಂಪನಿಗಳು ಬಿಡಾರ ಹೂಡಿ ಆಡುತ್ತವೆ. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚು ತೆಗೆಯುವ ಶ್ರದ್ಧೆಯಿಂದಲೇ ಇವರನ್ನು ಕಂಡು, ಒಬ್ಬೊಬ್ಬರಿಂದ ಒಂದೊಂದು ಮಟ್ಟನ್ನು ಹಾಡಿಸಿ ಧ್ವನಿಮುದ್ರಿಸಿಕೊಳ್ಳಬಹುದು. ಯಾವ ಹಾಡನ್ನು ಯಾವ ದೃಶ್ಯದಲ್ಲಿ ಯಾರು ಹಾಡುತ್ತಿದ್ದರು, ಆಗ ಪರದೆಯ ಹಿಂದೆ ಏನು ನಡೆಯುತ್ತಿತ್ತು ಎಂಬ 2 ಪ್ರಶ್ನೆಗಳನ್ನು ತಪ್ಪದೆ ಕೇಳಿ ಬರೆದುಕೊಳ್ಳಬೇಕು. ಹಾಡನ್ನು ಸಂಗೀತ ವಿಭಾಗಕ್ಕೂ ಪಠ್ಯವನ್ನು ಸಾಹಿತ್ಯ ವಿಭಾಗಕ್ಕೂ ಹಂಚಿಬಿಟ್ಟರೆ ಈ 2 ಪ್ರಶ್ನೆಗಳು ಯಾರ ಪಾಲಿಗೂ ಬರುವುದಿಲ್ಲ.

ಕಲ್ಲಿನ ಶಾಸನ ನಮಗಾಗಿ ನೂರು ವರ್ಷ ಕಾದೀತು. ಎಂಬತ್ತು ದಾಟಿದ ಪೇಟಿ ಮಾಸ್ತರರು ಕಾಯಲಾರರು. ಈ ಸಂಗ್ರಹಕಾರ್ಯವನ್ನು ಮುಂದಿನ ಬೇಸಗೆಯ ರಜೆಗೆ ಎಂದು ಮುಂದೂಡದೆ, ತಮ್ಮ ತಮ್ಮ ಊರಿನಿಂದಲೇ ಆರಂಭಿಸಬೇಕೆಂದು ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ವಿನಂತಿಸುತ್ತೇವೆ.